ಒಪ್ಪುಗೂಸು ದೋಣಿ ಹತ್ತಿದ ದಿನ

ಡ್ಯಾನ್ಯೂಬ್ ನದಿಯ ಎಡದಂಡೆ
ಫೆಬ್ರವರಿ ಮೂವತ್ತು, ೨೩೬೪

ನನಗಿಂತ ಮೊದಲು ಬಾಳಿದವರೇ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ ಸಿಕ್ಕಿ ಬಹಳ ಕಾಲವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಧಾರವಾಡದಿಂದ ಬಂದ ಮುತ್ತಜ್ಜಿಯರು ಬಿಟ್ಟುಹೋದ ಈ ಕನ್ನಡವನ್ನು ನಾವು ಮನೆಯೊಳಗಷ್ಟೇ ಆಡುತ್ತೇವೆ. ಕಾಗದಗಳನ್ನು ಒಡೆದು ನೋಡುವ ಗಡಿ ಕಚೇರಿಯಲ್ಲಿ ಇದನ್ನು ಓದಬಲ್ಲವರಿಲ್ಲ. ಆ ಧೈರ್ಯದಿಂದಲೇ ಈ ಗಿರಿಜವ್ವ ಬರೆಯುತ್ತಿದ್ದಾಳೆ.

ನಿಮ್ಮ ೧೯೩೯ರ ಪಾಠ ನಮ್ಮ ಮಕ್ಕಳಿಗೆ ಬಾಯಿಪಾಠ. ಜರ್ಮನಿಯೂ ಸೋವಿಯತ್ ಒಕ್ಕೂಟವೂ ಒಬ್ಬರ ಮೇಲೊಬ್ಬರು ದಾಳಿ ಮಾಡುವುದಿಲ್ಲವೆಂದು ಸಹಿ ಹಾಕಿದವು, ನಡುವಿದ್ದ ಪೋಲೆಂಡನ್ನು ಗುಟ್ಟಾಗಿ ಹಂಚಿಕೊಂಡವು; ಎರಡು ವರ್ಷ ತುಂಬುವ ಮೊದಲೇ ಜರ್ಮನಿ ಸೋವಿಯತ್ತಿನ ಮೇಲೆ ಏರಿಹೋಯಿತು. ಸಹಿ ಹಾಕಿದವರು ತಮ್ಮದೇನನ್ನೂ ಪಣಕ್ಕಿಟ್ಟಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ನಮ್ಮ ಹಿರಿಯರು ತೀರ್ಮಾನಿಸಿದರು. ಎಂಥ ಜಾಣರು ನೋಡಿ. ಅಂದಿನಿಂದ ಎರಡು ದಂಡೆಗಳ ನಡುವೆ ಒಪ್ಪಂದವಾದರೆ, ಸಹಿ ಹಾಕಿದ ಪ್ರತಿಯೊಬ್ಬರೂ ತಮ್ಮ ಮಗುವೊಂದನ್ನು ಎದುರು ದಂಡೆಯ ಮನೆಗೆ ಕಳಿಸಬೇಕು. ಅಂಥ ಮಗುವನ್ನು ಒಪ್ಪುಗೂಸು ಎನ್ನುತ್ತೇವೆ. ನನ್ನ ಗಂಡ ಸಹಿ ಹಾಕಿದ್ದರಿಂದ ನಮ್ಮ ನೀಲಾ ಅಲ್ಲಿಗೆ ಹೋದಳು. ಆ ಮನೆಯ ಇಲೋನಾ ನಮ್ಮಲ್ಲಿಗೆ ಬಂದಳು. ಬಂದ ಹೊಸತರಲ್ಲಿ ಜೋಳದ ರೊಟ್ಟಿ ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಚಟ್ನಿಪುಡಿ ಇಲ್ಲದೆ ಊಟಕ್ಕೆ ಕೂರುವುದಿಲ್ಲ, ನನ್ನನ್ನು ಅವ್ವ ಎನ್ನುತ್ತಾಳೆ.

ಕಳೆದ ವಾರ ಅತ್ತಲಿಂದ ಕರೆ ಬಂತು. ಇಲೋನಾಳ ಅಜ್ಜಿಗೆ ಹುಷಾರಿಲ್ಲ, ಮಗುವನ್ನು ಕಳಿಸಿಕೊಡಿ ಎಂದು. ಒಂದು ಕೂಸು ಹೊರಟರೆ ಅದೇ ದೋಣಿಯಲ್ಲಿ ಇನ್ನೊಂದು ಮರಳಬೇಕೆಂಬುದು ಪದ್ಧತಿ. ನೀಲಾ ಮಾತ್ರ ಆಮೇಲೆ ಬರುತ್ತಾಳಂತೆ. ಪಾಪ, ಮುದುಕಿಗೆ ಬೇಗ ಗುಣವಾಗಲಿ ಎಂದುಕೊಂಡು ಹಿಟ್ಟಿನ ಗಿರಣಿಗೆ ಹೋದರೆ, ಪಕ್ಕದ ಬೀದಿಯವಳು ತನ್ನ ಮನೆಯಲ್ಲಿರುವ ಒಪ್ಪುಗೂಸನ್ನು ಚಿಕ್ಕಮ್ಮನ ಮದುವೆಗೆ ಕರೆದಿದ್ದಾರೆ ಎಂದಳು. ಇನ್ನೊಬ್ಬಳ ಮನೆಯ ಕೂಸಿಗೆ ಹಲ್ಲು ಕೀಳಿಸಬೇಕಂತೆ. ಎಲ್ಲರಿಗೂ ಇವತ್ತಿನ ದೋಣಿಯೇ, ಅತ್ತ ಹೋದ ನಮ್ಮೆಲ್ಲರ ಮಕ್ಕಳೂ ಬರುವುದು ಆಮೇಲೆಯೇ. ಗಿರಣಿಯಲ್ಲಿ ನಾವು ಮುಖ ಮುಖ ನೋಡಿಕೊಂಡೆವು.

ನೀಲಾ ಬರುವವರೆಗೆ ಇಲೋನಾಳನ್ನು ಬಿಡುವುದಿಲ್ಲವೆಂದು ಗಂಡನ ಮುಂದೆ ಹಟ ಹಿಡಿದೆ. ತಡೆದರೆ ಒಪ್ಪಂದ ಮುರಿದವರು ನಾವೇ ಆಗುತ್ತೇವೆ, ಯುದ್ಧಕ್ಕೆ ಆ ದಂಡೆಯವರಿಗೆ ಬೇಕಾಗಿರುವ ನೆಪವೂ ಅದೇ ಎಂದರು ಅವರು. ಇವತ್ತು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಇಲೋನಾ ಕೇಳಿದಳು, "ಅವ್ವಾ, ನೀಲಾ ಯಾಕ ಬರವಲ್ಲಳು?"

ನಾನು ಜಡೆ ಹೆಣೆದು ಮುಗಿಸಿದೆ. "ರಾತ್ರಿ ಅಕೀ ಬಾಜೂಕ ಮಲಕೋ. ಕೈ ಮಾತ್ರ ಬಿಡಬ್ಯಾಡ" ಎಂದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಇಂಥ ಒಪ್ಪಂದವಾದರೆ, ಯಾರು ತಮ್ಮ ಮಕ್ಕಳನ್ನು ಸದ್ದಿಲ್ಲದೆ ಮನೆಗೆ ಕರೆಸಿಕೊಳ್ಳುತ್ತಿದ್ದಾರೆಂದು ದಯವಿಟ್ಟು ಗಮನಿಸಿ. ನಾವು ತಡವಾಗಿ ನೋಡಿದೆವು. ದೋಣಿ ದಾಟಿಹೋಯಿತು. ನನ್ನ ಇಬ್ಬರು ಹೆಣ್ಣುಮಕ್ಕಳೂ ಈಗ ಆ ದಂಡೆಯ ಒಂದೇ ಮನೆಯಲ್ಲಿದ್ದಾರೆ, ನಮ್ಮವರು ಫಿರಂಗಿಗಳನ್ನು ಆ ಕಡೆಗೇ ತಿರುಗಿಸುತ್ತಿದ್ದಾರೆ.