ನಾಲ್ಕು ಗಂಟೆಯ ಟೀ

ಇಸ್ತ್ರಿ ಅಕ್ಕನಿಗೆ,

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಹೇಳಲಿಕ್ಕೇ ಈ ಪತ್ರ.

ಫ್ಯಾಕ್ಟರಿಯಲ್ಲಿ ನಾಲ್ಕು ಗಂಟೆಯ ಟೀ ಬೆಲ್ ಹೊಡೆದರೂ ನಾನು ಹೊಲಿಗೆ ಮಿಷನ್ ಬಿಟ್ಟು ಎದ್ದು ನಿಮ್ಮ ಜೊತೆ ಬರದೆ ಆರು ತಿಂಗಳಾಯಿತು. ಡಾಕ್ಟರು ಟೀ ಬೇಡ ಅಂದಿದ್ದಾರೆ ಎಂದು ನಿಮಗೆ ಹೇಳಿದ್ದು ಸುಳ್ಳು. ಅಮ್ಮನ ಹಲ್ಲಿನ ಸೆಟ್ಟಿಗಾಗಿ ದಿನದ ಖರ್ಚಿನಲ್ಲಿ ಏನೇನು ಬಿಡಬಹುದೆಂದು ಹುಡುಕಿದೆ. ಬಸ್ಸು ಬಿಟ್ಟು ನಡೆದೆ, ಹೋಟೆಲ್ ತಿಂಡಿ ಬಿಟ್ಟೆ, ಕೊನೆಗೆ ಟೀ. ನಿಜ ಹೇಳಿದ್ದರೆ ದಿನವೂ ನೀವೇ ದುಡ್ಡು ಕೊಡುತ್ತಿದ್ದಿರಿ. ಅದಕ್ಕೇ ಹೇಳಲಿಲ್ಲ. ನಾನು ನಿಮ್ಮನ್ನು ದೂರ ಮಾಡುತ್ತಿದ್ದೇನೆ ಅಂದುಕೊಂಡು ನೀವು ಮಾತು ಬಿಟ್ಟಿರಿ, ಭಾನುವಾರ ಮನೆಗೆ ಬರುವುದನ್ನೂ ಬಿಟ್ಟಿರಿ. ಸಮಜಾಯಿಷಿ ಕೊಡುವಷ್ಟು ತ್ರಾಣ ಸಂಜೆ ಹೊತ್ತಿಗೆ ನನ್ನಲ್ಲಿ ಉಳಿಯುತ್ತಿರಲಿಲ್ಲ.

ಸೆಟ್ಟು ಬಂದು ಎಂಟು ದಿನವಾಯಿತು. ಅಮ್ಮ ಒಮ್ಮೆ ಹಾಕಿ, ಕನ್ನಡಿ ನೋಡಿ, ಮತ್ತೆ ಲೋಟದ ನೀರಿಗೆ ಬಿಟ್ಟಳು. "ಹಾಕ್ಕೊಳ್ಳಮ್ಮ" ಅಂದರೆ, "ಭಾನುವಾರ ಬಂದು ನಗಿಸೋಳೇ ಬರ್ತಿಲ್ಲ, ಹಾಕ್ಕೊಂಡು ಯಾರಿಗೆ ತೋರಿಸ್ಲಿ? ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಹಾಗಾಯ್ತು ನನ್ನ ಕಥೆ" ಅನ್ನುತ್ತಾಳೆ.

ಈ ಭಾನುವಾರ ಬನ್ನಿ ಅಕ್ಕ. ಟೀ ನಾನೇ ಮಾಡುತ್ತೇನೆ. ನಿಮ್ಮ ಮೂರು ಚಮಚ ಸಕ್ಕರೆಯಲ್ಲಿ ಉಳಿತಾಯ ಮಾಡುವುದಿಲ್ಲ.

ಇಂತಿ,
ನಿಮ್ಮ ಇಸ್ತ್ರಿ ಮೇಜಿನ ಪಕ್ಕದ ಮಿಷನ್ನಿನವಳು