ಬೆಲ್ ಹೊಡೆದಾಗ ಮಲಗಿದ್ದವಳು

ಅಕ್ಕಾ, ಸುಖವಾಗಿ ತಲುಪಿದೆ. ಈ ಫೆಲೋಶಿಪ್ ತರಬೇತಿಯಲ್ಲಿ ನಾವು ನರ್ಸುಗಳೇ ಸರದಿಯ ಮೇಲೆ ರೋಗಿಯ ಪಾತ್ರ ಮಾಡಬೇಕು. ನಿನ್ನೆ ಮಗ್ಗುಲು ಬದಲಿಸುವ ಪಾಠಕ್ಕೆ ನನ್ನನ್ನು ಮಲಗಿಸಿದರು. ವರ್ಷಗಟ್ಟಲೆ ಬೇರೆಯವರಿಗೆ ಹಾಸಿಕೊಟ್ಟಂಥದೇ ಹಾಸಿಗೆ. ಬೆನ್ನು ತಾಗಿದ್ದೇ ತಡ, ನಿದ್ದೆ ಹತ್ತಿತು. ನಾಲ್ವರು ಸೇರಿ ಅತ್ತಿತ್ತ ಹೊರಳಿಸಿದರೂ ಎಚ್ಚರವಿಲ್ಲ, ಗೊರಕೆ ಬೇರೆ! ಎಲ್ಲೋ ಬೆಲ್ ಹೊಡೆಯಿತು. “ಬಂದೆ, ಬಂದೆ” ಎನ್ನುತ್ತ ಎದ್ದು ಕಾಲಲ್ಲಿ ಚಪ್ಪಲಿ ತಡಕಿದೆ. ಕ್ಲಾಸೆಲ್ಲ ನಕ್ಕಿತು. ಪಾಠ ಹೇಳುವ ಹಿರಿಯ ನರ್ಸಮ್ಮ ಮಾತ್ರ ನಗಲಿಲ್ಲ. ನನ್ನನ್ನು ಮತ್ತೆ ದಿಂಬಿಗೆ ಒರಗಿಸಿ, ಹೊದಿಕೆಯನ್ನು ಭುಜದವರೆಗೆ ಎಳೆದು, “ಅದು ಊಟದ ಬೆಲ್ಲು ಕಣಮ್ಮ, ನಿನ್ನನ್ನ ಯಾರೂ ಕರೀಲಿಲ್ಲ. ಮಲಕ್ಕೋ” ಎಂದರು.

ನನ್ನ ಕಾಲಿನ ಬಾವು ಇಳಿದಿದೆಯೆಂದು ಅಮ್ಮನಿಗೆ ಹೇಳು. ಊಟ ತಪ್ಪಿಸಿದೆನೆಂದು ಮಾತ್ರ ಬಾಯಿಬಿಡಬೇಡ. ಪೋಸ್ಟ್ ಕಾರ್ಡು ತುಂಬಿತು. ಸಂಜೆಯವರೆಗೂ ನನ್ನನ್ನು ಯಾರೂ ಎಬ್ಬಿಸಲಿಲ್ಲ, ಅಕ್ಕಾ.

ನಿನ್ನ ತಂಗಿ