ಕತ್ತರಿಸುವ ಮುಂಚೆ ಕಾಲು ನೋಡುವವರು ಯಾರು?

ಎರಡು ಜಿಲ್ಲೆಗಳ ಆರೋಗ್ಯ ವಿಮೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ವಿಮಾ ಕಾರ್ಡು ನನ್ನ ಅಪ್ಪನ ಬಲಗಾಲನ್ನು ಕತ್ತರಿಸಲು ಒಪ್ಪಿತು, ಉಳಿಸಲು ಒಪ್ಪಲಿಲ್ಲ. ಈಗ ಎಡಗಾಲಿನ ಸರದಿ ಬಂದಂತಿದೆ. ಇದೇ ನನ್ನ ದೂರು. ತಮಿಳಿನಲ್ಲಿ ಬರೆದ ಎರಡು ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಈಗಾಗಲೇ ವಿಶ್ರಾಂತಿ ಪಡೆಯುತ್ತಿವೆ. ಅವುಗಳ ನಿದ್ದೆ ಕೆಡಿಸುವುದು ಬೇಡವೆಂದು ಇದನ್ನು ಮನೆಮಾತಾದ ಕನ್ನಡದಲ್ಲಿ, ನಮ್ಮವರೆಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ಅಪ್ಪನ ಹೆಸರು ಕುಪ್ಪಸ್ವಾಮಿ. ಕೊಳತ್ತೂರಿನ ಕಡೆ, ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ಆಡಿ ತಿಂಗಳ ಒಂದು ಬೆಳಿಗ್ಗೆ ಅವ್ವ ಜಗಲಿ ಸಾರಿಸಲು ಹೋದಾಗ ನೆಲದ ಮೇಲೆ ರಕ್ತದ ಹೆಜ್ಜೆಗಳಿದ್ದವು.

“ಕಾಲ್ಗೇನಾಗೈತೆ ನೋಡ್ಕೊಳ್ಳಿ,” ಎಂದಳು ಅವ್ವ.

“ಏನೂ ಆಗಿಲ್ಲ ಕಣೇ. ನೋವೇ ಇಲ್ವಲ್ಲ.”

ಅಂಗಾಲು ತಿರುಗಿಸಿ ನೋಡಿದರೆ ಗಾಳದ ಕೊಕ್ಕೆಯೊಂದು ಪೂರ್ತಿ ಒಳಗಿಳಿದಿತ್ತು. ಎರಡು ದಿನ ಅದರ ಮೇಲೆಯೇ ನಡೆದಾಡಿದ್ದರು. ಊರಿನ ನರ್ಸು ಕೊಕ್ಕೆ ತೆಗೆದು ಕಟ್ಟು ಹಾಕಿ ನನ್ನನ್ನು ಪಕ್ಕಕ್ಕೆ ಕರೆದರು. “ವಾಣಿ, ಇದು ನನ್ ಕೈಲಿ ಆಗೋದಲ್ಲ. ಶುಗರ್ ಪಾದ ನೋಡೋ ಕ್ಲಿನಿಕ್ಕಿಗೆ ಇವತ್ತೇ ಕರ್ಕೊಂಡೋಗು. ಕಾರ್ಡು ಐತಲ್ಲ, ಭಯ ಬೇಡ.”

ಕಾರ್ಡು ಇತ್ತು. ಭಯ ಆಮೇಲೆ ಬಂತು.

ನಿಮ್ಮ ಸಹಾಯವಾಣಿ ಮೂರು ಕ್ಲಿನಿಕ್ಕುಗಳ ಹೆಸರು ಓದಿ ಹೇಳಿತು. ಮೆಟ್ಟೂರಿನದು ಬಾಗಿಲು ಮುಚ್ಚಿ ಎರಡು ವರ್ಷವಾಗಿತ್ತು. ಆ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಧರ್ಮಪುರಿಯದರಲ್ಲಿ ಹಲ್ಲು ಮಾತ್ರ ನೋಡುತ್ತಾರೆ. ಪಾದಕ್ಕೂ ಹಲ್ಲಿಗೂ ಇರುವ ದೂರ ನಿಮ್ಮ ಪಟ್ಟಿ ಬರೆದವರಿಗೆ ತಿಳಿಯದೇ? ಮೂರನೆಯದು ಸೇಲಂನಲ್ಲಿ, ನಿಜವಾಗಿಯೂ ಪಾದದ ಕ್ಲಿನಿಕ್ಕು. ಮೂರು ಬಸ್ಸು ಬದಲಿಸಿ, ಅಪ್ಪನ ತೋಳು ನನ್ನ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋದೆ. ಕೌಂಟರಿನ ಹೆಂಗಸು ಕೆಟ್ಟವರಲ್ಲ. ಅಪ್ಪನಿಗೆ ಕುರ್ಚಿ ಕೊಟ್ಟು, ಕಾರ್ಡು ಮರಳಿಸಿ ಮೆಲ್ಲಗೆ ಹೇಳಿದರು: “ವೆಟ್ಟಿನಾ ಕಾರ್ಡು ಸೆಲ್ಲುಂ ಮಾ. ಕಟ್ಟು ಪೋಟ್ಟಾ ಸೆಲ್ಲಾದು.” ಕತ್ತರಿಸಿದರೆ ಕಾರ್ಡು ನಡೆಯುತ್ತದೆ, ಬರೀ ಕಟ್ಟು ಹಾಕಿದರೆ ನಡೆಯುವುದಿಲ್ಲ. ಹುಣ್ಣು ಕೆರೆದು ಶುದ್ಧಮಾಡುವುದು ಶಸ್ತ್ರಚಿಕಿತ್ಸೆಯಲ್ಲವಂತೆ. ಹಾಗಾದರೆ ಅದು ಶಸ್ತ್ರಚಿಕಿತ್ಸೆ ಆಗುವ ತನಕ ಕಾಯಬೇಕೆಂಬುದು ನಿಮ್ಮ ನಿಯಮವೇ, ಮಾನ್ಯರೇ?

ಕಾದೆವು; ಕೈಯಿಂದ ಹಣ ಕಟ್ಟುವ ಶಕ್ತಿ ನಮಗಿರಲಿಲ್ಲ. ನಾನು ವಕೀಲರ ಕಚೇರಿಯಲ್ಲಿ ಟೈಪು ಮಾಡುವವಳು. ಊರವರ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ಅಪ್ಪನಿಗಾಗಿಯೂ ಎರಡು ಬರೆದೆ. ಹತ್ತೊಂಬತ್ತನೆಯ ದಿನ ಹೆಬ್ಬೆರಳು ಕಪ್ಪಗಾಯಿತು. ಮನೆಯೊಳಗೆ ವಾಸನೆ ಶುರುವಾಯಿತು. ಆಗಲೂ ಅಪ್ಪ, “ನೋವಿದ್ರೆ ತಾನೇ ಎದರ್ಬೇಕು?” ಎನ್ನುತ್ತಿದ್ದರು. ನೋವಿಲ್ಲದ್ದಕ್ಕೇ ನಾನು ಹೆದರುತ್ತಿದ್ದೆ.

ಇಪ್ಪತ್ತಮೂರನೆಯ ದಿನ ಜ್ವರದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದೆ. ಮೊಣಕಾಲಿನ ಕೆಳಗೆ ತೆಗೆಯಬೇಕೆಂದರು. ನಲವತ್ತು ನಿಮಿಷದಲ್ಲಿ ನನ್ನ ಫೋನಿಗೆ ನಿಮ್ಮ ಸಂದೇಶ ಬಂತು: ‘ಅನುಮೋದಿಸಲಾಗಿದೆ.’ ಇಷ್ಟು ಚುರುಕಾದ ಇಲಾಖೆಯನ್ನು ನಾನು ನೋಡಿಲ್ಲ.

ಎಚ್ಚರವಾದ ಮೇಲೆ ಅಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು. “ಆ ಕಾಲ್ನ ಎಲ್ಲಾಕಿದ್ರವ್ವಾ?” ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಕಳೆದ ಗುರುವಾರ ಅವರ ಎಡಗಾಲು ತೊಳೆಯುವಾಗ ಕಿರುಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಕಪ್ಪು ಕಂಡಿತು. ಉಗುರಿನಿಂದ ಒತ್ತಿದೆ.

“ನೋಯ್ತದಾ ಅಪ್ಪಾ?”

“ಇಲ್ವಲ್ಲ. ಚೆನ್ನಾಗೈತೆ.”

ಅವ್ವ ಎದ್ದು ಒಳಗೆ ಹೋದಳು. ನಾನು ಮತ್ತೆ ಸಹಾಯವಾಣಿಗೆ ಫೋನು ಮಾಡಿದೆ. ಅದೇ ಮೂರು ಹೆಸರು, ಅದೇ ಕ್ರಮದಲ್ಲಿ ಓದಿದರು.

ಆದ್ದರಿಂದ ಕೇಳುತ್ತಿದ್ದೇನೆ. ಈ ಕಾರ್ಡಿನ ಮೇಲೆ ಕಾಲು ಕತ್ತರಿಸದೆ ನೋಡುವ ಒಂದು ಕ್ಲಿನಿಕ್ಕು ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಎಲ್ಲಿದೆ? ವಿಳಾಸವನ್ನು ಸೋಮವಾರದೊಳಗೆ ಬರೆದು ತಿಳಿಸಿ. ಇಲ್ಲವೆಂದಾದರೆ ‘ಇಲ್ಲ’ ಎಂದೇ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿ. ಆ ಕಾಗದವನ್ನು ಅಪ್ಪನಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಪಟ್ಟಿಯನ್ನು ನಂಬಿ ಬಸ್ಸು ಹತ್ತಿದ್ದ
ವಾಣಿ ಕುಪ್ಪಸ್ವಾಮಿ
ಕೊಳತ್ತೂರು